ಬಂಡೆಯ ಮೇಲೊಂದು ಸಂಸಾರ

ಬಂದರಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಕ್ಯಾಂಟೀನ್ ಅಕ್ಕ ಎಂದೇ ಕರೆಯುತ್ತಿದ್ದರು. ನಾಲಿಗೆ ಸ್ವಲ್ಪ ಖಾರ, ಬಡಿಸುವ ಕೈ ಧಾರಾಳ. ಗಂಡ ಬಲೆ ಹೆಣೆಯುವವನು, ಅವಳು ಹತ್ತು ಮಾತಾಡಿದರೆ ಒಂದಾಡುವವನು. ದೊಡ್ಡ ದೇಶದ ಬೂದು ಬಣ್ಣದ ಹಡಗುಗಳು ಬಂದು, ಈ ಸಮುದ್ರ ತಮ್ಮದೆಂದು ಮೀನುಗಾರರನ್ನು ಅಟ್ಟತೊಡಗಿದ ಮೇಲೆ ಬಂದರು ಬಿಕೋ ಎನ್ನತೊಡಗಿತು. ದೋಣಿಯೇ ನೀರಿಗಿಳಿಯದಿದ್ದರೆ ಬಲೆ ಹರಿಯುವುದೆಲ್ಲಿ, ಹಸಿದವರು ಬರುವುದೆಲ್ಲಿಂದ? ಕ್ಯಾಂಟೀನಿಗೆ ಬೀಗ ಬಿತ್ತು.

ಅದೇ ಸಮಯಕ್ಕೆ ಸಾಗರ ಇಲಾಖೆಯ ಅಧಿಕಾರಿಯೊಬ್ಬ ಮನೆ ಬಾಗಿಲಿಗೆ ಬಂದ. ಎರಡೂ ದೇಶಗಳು ತಮ್ಮದು ತಮ್ಮದು ಎಂದು ಎಳೆದಾಡುತ್ತಿದ್ದ ಬಂಡೆಯೊಂದು ನಡುಸಮುದ್ರದಲ್ಲಿತ್ತು. ಅದು ಬರೀ ಬಂಡೆಯಾಗಿ ಉಳಿದರೆ ಸುತ್ತಲಿನ ಮೀನಿನ ಮೇಲೆ ಹಕ್ಕಿಲ್ಲ, ಸಂಸಾರವೊಂದು ಅಲ್ಲಿ ಬದುಕುತ್ತಿದೆ ಎಂದು ತೋರಿಸಿದರೆ ವಾದಕ್ಕೆ ಬಲ ಬರುತ್ತದೆ ಎಂದು ಅವನು ಬಿಡಿಸಿ ಹೇಳಿದ. ಸೈನಿಕರು ಲೆಕ್ಕಕ್ಕಿಲ್ಲವಂತೆ. ಒಲೆ ಉರಿಯಬೇಕು, ಹಗ್ಗದ ಮೇಲೆ ಬಟ್ಟೆ ಒಣಗಬೇಕು.

"ನೀವು ಅಲ್ಲಿ ಏನೂ ಮಾಡೋದು ಬೇಡ ಅಕ್ಕ. ಇದ್ರೆ ಸಾಕು," ಎಂದ.

ದೋಣಿಗಳು ಮತ್ತೆ ಇಳಿದಾವು ಎಂಬ ಆಸೆಗೆ ಬಿದ್ದು ಆಕೆ ಒಪ್ಪಿದಳು. ಗಂಡ ಎಂದಿನಂತೆ ತಲೆಯಾಡಿಸಿದ.

ಬಂಡೆಯ ಮೇಲೆ ಮೊದಲು ಎದುರುಗೊಂಡದ್ದು ನಾತ. ಎಷ್ಟೋ ಕಾಲದಿಂದ ಹಕ್ಕಿಗಳು ಹಾಕಿದ ಹಿಕ್ಕೆ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಬಿಸಿಲೇರಿದರೆ ಮೂಗು ಉರಿಯುತ್ತಿತ್ತು, ಮಳೆ ಬಂದರೆ ಅದೇ ಕರಗಿ ತಗಡಿನ ಮನೆಯ ಹೊಸ್ತಿಲು ದಾಟಿ ಒಳಗೆ ಹರಿಯುತ್ತಿತ್ತು. ಪೀಪಾಯಿಯಲ್ಲಿ ಬರುವ ಕುಡಿಯುವ ನೀರಿಗೆ ಡೀಸೆಲ್ ರುಚಿ. ಗಂಜಿ ಬೇಯಿಸಿದರೆ ಅದರಲ್ಲೂ ಡೀಸೆಲ್. ದೊಡ್ಡ ದೇಶದ ಹಡಗು ಸುತ್ತು ಹಾಕುತ್ತಾ, ಇವರ ಭಾಷೆಯಲ್ಲೇ, ಜಾಗ ಖಾಲಿ ಮಾಡಿ ಎಂದು ಧ್ವನಿವರ್ಧಕದಲ್ಲಿ ಒದರುತ್ತಿತ್ತು. ಆ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ನಾಯಿಯನ್ನು ಅಟ್ಟುವವರು ಕೂಡ ಅದರ ಕಡೆ ತಿರುಗಿ ನೋಡುತ್ತಾರೆ, ಇವರಿಗೆ ಅಷ್ಟೂ ಇಲ್ಲವಲ್ಲ ಎಂದು ಆಕೆ ಗಂಡನ ಹತ್ತಿರ ಗೊಣಗಿದಳು.

ಆದರೆ ಆಕೆಗೆ ನಿಜವಾಗಿ ಹೇಸಿಗೆ ಹುಟ್ಟಿಸಿದ್ದು ತಮ್ಮದೇ ಮಂತ್ರಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ದೋಣಿಯಿಂದ ಇಳಿದ ಆತ, ಕ್ಯಾಮೆರಾ ತಿರುಗಿದಾಗ ಮಾತ್ರ ಅದನ್ನು ಜೇಬಿಗೆ ತುರುಕುತ್ತಿದ್ದ. ಜೊತೆಗೆ ಕುಂಡಗಳಲ್ಲಿ ಟೊಮೆಟೊ ಗಿಡಗಳು ಬಂದಿದ್ದವು, ಕಾಯಿಲ್ಲದ ಗಿಡಗಳು. ಅಧಿಕಾರಿ ಚೀಲದಿಂದ ಪೇಟೆಯ ಹಣ್ಣು ತೆಗೆದು ದಾರದಲ್ಲಿ ಕಟ್ಟಿದ. ಕೀಳುವಂತೆ ನಟಿಸಲು ಆಕೆಗೆ ಹೇಳಿದ. ಆಕೆ ಕಿತ್ತಳು, ಹಲ್ಲು ಬಿಟ್ಟು ನಗಲೂ ನಕ್ಕಳು. ದೋಣಿ ಮರೆಯಾದ ಮೇಲೆ ಬಂಡೆಯಂಚಿನಲ್ಲಿ ಕೂತು ಕಾರಿಕೊಂಡಳು. ಗಿಡಗಳು ಉಪ್ಪುಗಾಳಿಗೆ ಕಪ್ಪಾಗಿ ಸತ್ತವು.

ಕೆಲವು ವಾರಗಳ ನಂತರ ದೊಡ್ಡ ಹಡಗು ಹತ್ತಿರ ಬಂದು ಮನೆಯ ಮೇಲೆ ನೀರಿನ ಫಿರಂಗಿ ಹಾರಿಸಿತು. ಕಿತ್ತು ಬಂದ ತಗಡಿನ ಅಂಚು ಗಂಡನ ಮೀನಖಂಡವನ್ನು ಸೀಳಿತು. ಆಕೆ ತನ್ನ ಸೀರೆ ಹರಿದು ಕಟ್ಟಿದಳು. ಎರಡೇ ದಿನಕ್ಕೆ ಗಾಯ ಕೀವಾಯಿತು, ಕಾಲು ಬಾತು ನೀಲಿಗಟ್ಟಿತು. ಆ ವಾಸನೆಯ ಮುಂದೆ ಹಿಕ್ಕೆಯ ನಾತ ಏನೂ ಅಲ್ಲ ಅನ್ನಿಸಿತು. ವೈರ್‌ಲೆಸ್ಸಿನಲ್ಲಿ ದೋಣಿ ಕಳಿಸಿ ಎಂದು ಅಂಗಲಾಚಿದರೆ ಅಧಿಕಾರಿ ಅದೇ ನಯವಾದ ದನಿಯಲ್ಲಿ ಕಾಯಲು ಹೇಳಿದ. ಮನೆ ಒಂದು ದಿನ ಖಾಲಿ ಬಿದ್ದರೂ ದೊಡ್ಡ ದೇಶದವರು ಹಕ್ಕು ಸಾಧಿಸುತ್ತಾರೆ, ಬೇರೆ ಸಂಸಾರ ಸಿಗುವವರೆಗೆ ತಾಳಿ ಎಂದ.

"ಕಾಲು ಕೊಳೀತಾ ಇದೆ ಸ್ವಾಮಿ," ಎಂದಳು ಆಕೆ.

"ದೇಶದ ಪ್ರಶ್ನೆ ಅಕ್ಕ. ಸ್ವಲ್ಪ ಅರ್ಥ ಮಾಡ್ಕೊಳ್ಳಿ."

ಆಕೆ ಬಿಳಿ ಬಟ್ಟೆ ಹಿಡಿದು ದೊಡ್ಡ ಹಡಗಿನತ್ತ ಬೀಸಿದಳು. ಸಣ್ಣ ದೋಣಿಯಲ್ಲಿ ಡಾಕ್ಟರ್ ಬಂದ, ಕ್ಯಾಮೆರಾ ಹಿಡಿದವನೂ ಬಂದ. ಈ ಬಂಡೆ ನಿಮ್ಮದು, ನಮ್ಮವರು ಮೋಸದಿಂದ ನಮ್ಮನ್ನು ಇಲ್ಲಿ ತಂದು ಬಿಟ್ಟರು ಎಂದು ಹೇಳಿದರೆ ಮಾತ್ರ ರೋಗಿಯನ್ನು ಹತ್ತಿಸಿಕೊಳ್ಳುವುದು ಎಂದ ಕ್ಯಾಮೆರಾದವನು. ಡಾಕ್ಟರ್ ತಲೆ ತಗ್ಗಿಸಿ ನಿಂತಿದ್ದ. ಕಾಲನ್ನೊಮ್ಮೆ ಮುಟ್ಟಿ ನೋಡಲೂ ಇಲ್ಲ. ಆಕೆ ಗಂಡನ ಮುಖ ನೋಡಿದಳು. ಜ್ವರದಲ್ಲಿ ಅವನು ಬಡಬಡಿಸುತ್ತಿದ್ದ, ಮದುವೆಯಾದಂದಿನಿಂದ ಆಡದಷ್ಟು ಮಾತು. ಹೇಳಿಕೊಟ್ಟದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು.

ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಊರಿಗೆ ಮರಳುವಷ್ಟರಲ್ಲಿ ಆ ವಿಡಿಯೊ ಮನೆಮನೆಯಲ್ಲೂ ಓಡಿತ್ತು. ಬಾಗಿಲ ಮೇಲೆ ಯಾರೋ ದ್ರೋಹಿ ಎಂದು ಬರೆದಿದ್ದರು. ಆಕೆಯ ಕೈಯಡುಗೆ ಉಂಡು ಬೆಳೆದವರೇ ಎದುರು ಸಿಕ್ಕರೆ ಉಗಿದು ಪಕ್ಕಕ್ಕೆ ಸರಿಯುತ್ತಿದ್ದರು. ಒಡಹುಟ್ಟಿದ ತಂಗಿಯೂ ಬರಲಿಲ್ಲ, ತನ್ನ ಗಂಡನ ಕೆಲಸಕ್ಕೆ ತೊಂದರೆಯಾದೀತು ಎಂದು ಫೋನಿನಲ್ಲಿ ಅತ್ತಳು.

ವರ್ಷ ತುಂಬುವ ಮೊದಲೇ ಎರಡು ಸರ್ಕಾರಗಳು ರಾಜಿಯಾದವು. ಸಮುದ್ರದ ತಳದ ತೈಲವನ್ನು ಜೊತೆಯಾಗಿ ತೆಗೆಯುವುದು, ಮೀನಿಗೆ ದೊಡ್ಡ ದೇಶದ ಪರವಾನಗಿ ಪಡೆಯುವುದು ಎಂದು ಒಪ್ಪಂದ. ಬಂಡೆ ಯಾರದ್ದು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಮರುವಾರ ಅಧಿಕಾರಿ ಮತ್ತೆ ಬಂದ. ಈಗ ವಾತಾವರಣ ತಿಳಿಯಾಗಿದೆ, ದೊಡ್ಡ ದೇಶದ ಡಾಕ್ಟರು ನಿಮ್ಮವರ ಜೀವ ಉಳಿಸಿದ್ದನ್ನು ಸಮಾರಂಭದಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು ಎಂದ. ದ್ರೋಹಿ ಎಂಬ ಹೆಸರೂ ಅಳಿಸಿಹೋಗುತ್ತದಲ್ಲ ಎಂದು ನಗುತ್ತಾ ಸೇರಿಸಿದ.

ಆಕೆ ಕೂಗಾಡಲಿಲ್ಲ. ಗಂಡನ ಕೋಣೆಯ ಬಾಗಿಲು ತೆರೆದು, ಅಧಿಕಾರಿಯನ್ನು ಮಂಚದ ಎದುರಿಗೆ ನಿಲ್ಲಿಸಿದಳು.

"ಇವರನ್ನೇ ಕೇಳಿ. ಇವರು ಹೂಂ ಅಂದ್ರೆ ಬರ್ತೀನಿ."

ಮಾತು ಕಡಿಮೆಯ ಆ ಮನುಷ್ಯ ಹೊದಿಕೆ ಸರಿಸಿ ಮೊಂಡುಗಾಲನ್ನು ತೋರಿಸಿದ, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅಧಿಕಾರಿ ಜೇಬಿನಲ್ಲಿ ಏನೋ ಹುಡುಕುತ್ತಾ ಹೊರಟುಹೋದ.

ದೋಣಿಗಳು ಪರವಾನಗಿ ಹಿಡಿದು ಮತ್ತೆ ಇಳಿದವು, ಕ್ಯಾಂಟೀನಿನ ಬೀಗವೂ ತೆರೆಯಿತು. ಬೇರೆ ಕಸುಬು ಬಾರದ ಆಕೆ ಅದೇ ಒಲೆಯ ಮುಂದೆ ನಿಂತಳು. ಉಗಿದವರೇ ಸಾಲಾಗಿ ಬಂದು, ಏನೂ ಆಗದವರಂತೆ, ಅಕ್ಕ ಇನ್ನೊಂದು ಸೌಟು ಎನ್ನುತ್ತಾರೆ. ಆಕೆ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ತಾನು ಮಾತ್ರ ಅಲ್ಲಿ ಒಂದು ತುತ್ತೂ ಮುಟ್ಟುವುದಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗಿ, ಗಂಡನ ಮಂಚದ ಪಕ್ಕ ಕೂತು ಊಟ ಮಾಡುತ್ತಾಳೆ.