ದೆಹಲಿಯ ಬೆಳಗಿನ ವಾರ್ತೆಯಲ್ಲಿ ನಮ್ಮ ಚಟ್ನಿ

ಸೂರತ್ತಿನ ಕತಾರ್‌ಗಾಮ್‌ನಲ್ಲಿರುವ ನನ್ನ ಹೋಟೆಲಿನಲ್ಲಿ ಇಡ್ಲಿ ಬೇಯುವುದು ದೆಹಲಿಯ ಹೊತ್ತಿಗೆ. ಸರ್ಕಾರಿ ರೇಡಿಯೊದ ಬೆಳಗಿನ ಕನ್ನಡ ವಾರ್ತೆಯ ಸಂಗೀತ ಶುರುವಾದಾಗ ಇಡ್ಲಿ ಪಾತ್ರೆ ಒಲೆಗೆ ಏರಬೇಕು. ಕೊನೆಯಲ್ಲಿ ಮುಖ್ಯಾಂಶಗಳನ್ನು ಇನ್ನೊಮ್ಮೆ ಓದುವಾಗ ಇಳಿಯಬೇಕು. ಮೊದಲು ಕರಕರ ಎನ್ನುವ ಪೆಟ್ಟಿಗೆಯಲ್ಲಿ ಕೇಳುತ್ತಿದ್ದೆವು, ಈಗ ಫೋನಿಗೆ ಸಿಕ್ಕಿಸಿದ ಸ್ಪೀಕರಿನಲ್ಲಿ. ಸರ್ಕಾರಗಳು ಬದಲಾದವು, ವಾರ್ತೆ ಓದುವವರು ಬದಲಾದರು, ಇಡ್ಲಿ ಮಾತ್ರ ಒಂದು ದಿನವೂ ಹಸಿ ಉಳಿಯಲಿಲ್ಲ. ಆ ಕಾರ್ಯಕ್ರಮದಿಂದ ದೇಶಕ್ಕೆ ಬೇರೇನು ಉಪಕಾರವಾಗಿದೆಯೋ ಗೊತ್ತಿಲ್ಲ, ಇಷ್ಟಂತೂ ಆಗಿದೆ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದಿಂದ ಮೊದಲು ವಡೋದರಾಕ್ಕೆ ಬಂದು ಲೋಟ ತೊಳೆದವನು ನಾನು. ಆಮೇಲೆ ನನಗೆ ಕನ್ನಡ ಕಲಿಸಿದ್ದು ಈ ರೇಡಿಯೊ. ಎಂಥ ಕನ್ನಡ ಅದು! ಅದರಲ್ಲಿ ಯಾರೂ ಹೆದರುವುದಿಲ್ಲ, ಕಳವಳ ವ್ಯಕ್ತಪಡಿಸುತ್ತಾರೆ. ಯಾರೂ ಜಗಳವಾಡುವುದಿಲ್ಲ, ಭಿನ್ನಾಭಿಪ್ರಾಯ ಹೊಂದಿರುತ್ತಾರೆ. ಊರಿಗೆ ಊರೇ ಕೊಚ್ಚಿಹೋದರೂ ಪರಿಸ್ಥಿತಿ ನಿಯಂತ್ರಣದಲ್ಲಿರುತ್ತದೆ. ವಾರ್ತೆ ಮುಗಿದ ಮೇಲೆ ತಜ್ಞರು ಬಂದು ಕೂರುತ್ತಾರೆ. ಕೇಳಿದ ಪ್ರಶ್ನೆಯನ್ನೇ ಇನ್ನಷ್ಟು ಉದ್ದ ಮಾಡಿ ಹಿಂದಿರುಗಿಸಬಲ್ಲವರಿಗೆ ಅಲ್ಲಿ ತಜ್ಞರೆಂದು ಹೆಸರು.

ಹೀಗೆ ನಗುತ್ತಲೇ ಕೇಳುತ್ತಿದ್ದೆ ನಿಜ. ಆದರೆ ಒಳಗೊಂದು ಆಸೆಯೂ ಇತ್ತು: ಒಂದು ಬೆಳಿಗ್ಗೆ ನನ್ನ ಮಾತು, ನನ್ನ ದನಿಯಲ್ಲೇ, ಅಲ್ಲಿಂದ ಬರಬೇಕು. ಇಷ್ಟು ವರ್ಷ ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ, ನಾನು ಹೇಳಿದ್ದನ್ನು ಅವರು ಒಂದು ನಿಮಿಷ ಕೇಳಲಿ.

ಹೇಳುವುದಕ್ಕೆ ಮಾತೂ ಇತ್ತು. ಹೊರನಾಡಿನಲ್ಲಿ ಕನ್ನಡ ಉಳಿದಿದ್ದರೆ ಅದು ವರ್ಷಕ್ಕೊಮ್ಮೆ ಶಾಲು ಹೊದಿಸುವ ಸಭೆಯಿಂದಲ್ಲ, ಅಡುಗೆಮನೆಯ ಬೈಗುಳದಿಂದ. ಹಾಲು ಉಕ್ಕುವಾಗ ಯಾರೂ ಇಂಗ್ಲಿಷಿನಲ್ಲಿ ಯೋಚಿಸಿ ಕೂಗುವುದಿಲ್ಲ. ಒಲೆಯ ಮುಂದೆ ಕನ್ನಡ ನಿಂತುಹೋದ ದಿನ ಮನೆಯಲ್ಲೂ ನಿಂತುಹೋದಂತೆ. ಇದನ್ನು ನಾನು ದೋಸೆ ಹುಯ್ಯುತ್ತ ದಿನವೂ ಹೇಳುತ್ತಿದ್ದೆ. ಕೇಳುತ್ತಿದ್ದವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ. ಮೈಸೂರಿನಿಂದ ವರ್ಗವಾಗಿ ಬಂದವರು, ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಶಾಲು ಹೊದಿಸುವವರು ಅವರೇ. ಅವರ ಇಬ್ಬರು ಮಕ್ಕಳು ಭಾನುವಾರ ಬಂದು ನನ್ನ ಹತ್ತಿರ ಗುಜರಾತಿಯಲ್ಲಿ ಚಟ್ನಿ ಕೇಳುತ್ತಾರೆ, ಅಪ್ಪನ ಹತ್ತಿರ ಇಂಗ್ಲಿಷಿನಲ್ಲಿ ನೀರು ಕೇಳುತ್ತಾರೆ. ನಾನು ಈ ವಿಚಾರ ತೆಗೆದಾಗಲೆಲ್ಲ ಆ ಸಾಹೇಬರು ನಕ್ಕು, ಮಾಲೀಕರು ಶಾಲೆಗೆ ಹೋಗಿದ್ದರೆ ಭಾಷಣಕಾರರಾಗುತ್ತಿದ್ದರು ಎನ್ನುತ್ತಿದ್ದರು. ಸಾಂಬಾರು ಇನ್ನೊಮ್ಮೆ ಹಾಕಿಸಿಕೊಳ್ಳುತ್ತಿದ್ದರು.

ಅಂಥದ್ದರಲ್ಲಿ ಆ ಕಾರ್ಯಕ್ರಮದ ವರದಿಗಾರ್ತಿಯೊಬ್ಬಳು ದೆಹಲಿಯಿಂದ ಬಂದಳು. ವಿಷಯ ಇದೇ: ಹೊರನಾಡಿನಲ್ಲಿ ಕನ್ನಡ ಹೇಗೆ ಉಳಿದಿದೆ? ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಾಲ್ಕು ಮನೆ ಮುಗಿಸಿ, ಹಜೀರಾದ ಕಾರ್ಖಾನೆ ಕಾಲೊನಿಯಲ್ಲಿ ಎರಡು ಮನೆ ನೋಡಿ, ನಮ್ಮಲ್ಲಿಗೆ ಬಂದಿದ್ದಳು. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಡುಗೆಮನೆಯಲ್ಲಿ ನಿಂತೆ. ಮೈಕು ಮುಂದೆ ಬಂದಿತು.

ರೇಡಿಯೊದ ಮುಂದೆ ರೇಡಿಯೊದ ಕನ್ನಡವನ್ನೇ ಆಡಬೇಕಲ್ಲವೇ? ಗಂಟಲು ಸರಿಮಾಡಿಕೊಂಡು ಹೇಳಿದೆ: “ಹೊರನಾಡಿನ ಅಡುಗೆಮನೆಗಳಲ್ಲಿ ಕನ್ನಡದ ಬಳಕೆ ಮುಂದುವರಿದಿದೆ ಎಂದು ಹೋಟೆಲ್ ಮಾಲೀಕರು ಅಭಿಪ್ರಾಯಪಟ್ಟಿದ್ದಾರೆ.”

“ಯಾವ ಮಾಲೀಕರು?” ಎಂದಳು.

“ನಾನೇ.”

ಆಕೆ ಮೈಕು ಇಳಿಸಿ, ಸಹಜವಾಗಿ, ನಿಮ್ಮ ಮಾತಿನಲ್ಲೇ ಹೇಳಿ ಎಂದಳು. ಇದೇ ನನ್ನ ಮಾತು, ನೀವೇ ಕಲಿಸಿದ್ದು ಎಂದೆ. ಮೂರು ಸಲ ಕೇಳಿದಳು. ಮೂರು ಸಲವೂ ನಾನು ಒಂದಕ್ಷರ ತಪ್ಪದೆ ವಾರ್ತೆಯ ಕನ್ನಡದಲ್ಲೇ ಹೇಳಿದೆ. ಓದಿದವಳು, ಅವಳಿಗೆ ಮೆಚ್ಚಿಗೆಯಾಗಲಿಲ್ಲ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಹಿಂದಿನ ದಿನದ ಚಟ್ನಿಯ ವಾಸನೆ ನನ್ನ ಮೂಗಿಗೆ ಬಡಿಯಿತು. ನಮ್ಮೂರಿನ ಅಡುಗೆಯವನತ್ತ ತಿರುಗಿ ಎರಡು ಮಾತು ಬೈದು, ಮತ್ತೆ ಮೈಕಿನತ್ತ ತಿರುಗಿದೆ. ಅವಳು ಆಗಲೇ ವೈರು ಸುತ್ತುತ್ತಿದ್ದಳು. ಸಂಜೆ ಸಂಘದ ಅಧ್ಯಕ್ಷರ ಮನೆಗೆ ಹೋದಳೆಂದು ತಿಳಿಯಿತು.

ವಾರದ ನಂತರ ವರದಿಗಾರ್ತಿಯ ಫೋನು ಬಂತು, ನಾಳೆ ಬೆಳಿಗ್ಗೆ ಪ್ರಸಾರವೆಂದು. ಮರುದಿನ ಅಧ್ಯಕ್ಷರು ತಮ್ಮ ದನಿ ಕೇಳುವುದಕ್ಕೆಂದೇ ಬೇಗ ಬಂದು ಸ್ಪೀಕರಿನ ಕೆಳಗಿನ ಟೇಬಲ್ಲು ಹಿಡಿದರು. ಹಜೀರಾದ ಪಾಳಿ ಮುಗಿಸಿ ಬಂದ ಉಡುಪಿಯ ನಾಲ್ಕು ಜನ ಪಕ್ಕದಲ್ಲಿ ಕೂತರು. ಸಂಗೀತ ಬಂತು, ಇಡ್ಲಿ ಪಾತ್ರೆ ಒಲೆಗೇರಿತು. ದೆಹಲಿ ಎರಡು ಸಲ ಕಳವಳ ವ್ಯಕ್ತಪಡಿಸಿದ ಮೇಲೆ ನಮ್ಮ ಸರದಿ.

ಮೊದಲು ಅಧ್ಯಕ್ಷರು. ಬ್ಯಾಂಕಿನಲ್ಲಿ ಇಂಗ್ಲಿಷು ಬಿಟ್ಟು ಉಸಿರಾಡದ ಮನುಷ್ಯ, ರೇಡಿಯೊದಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡಂತೆ ಮಾತಾಡಿದರು.

“ನೋಡ್ರವ್ವಾ, ಕನ್ನಡ ಉಳಿಯೋದು ಸಭೇಲಲ್ಲ. ಒಲೆ ಮುಂದೆ ಕುಂತ್ಕಂಡು ಅವ್ವ ಬಯ್ತಾಳಲ್ಲ, ಅಲ್ಲೇ. ಹಾಲು ಉಕ್ಕೋವಾಗ ಯಾರಾದ್ರೂ ಇಂಗ್ಲಿಷ್ನಾಗೆ ಕೂಗ್ತಾರಾ?”

ನನ್ನ ಕೈಯ ಸೌಟು ಕೈಯಲ್ಲೇ ಉಳಿಯಿತು. ನನ್ನ ಹಾಲು, ನನ್ನ ಒಲೆ. ಅವ್ವನನ್ನು ಮಾತ್ರ ಅವರು ತಂದಿದ್ದರು.

ನನ್ನ ಹೆಂಡತಿ ರೇಡಿಯೊಗೆ ಎಂದೂ ಕಿವಿ ಕೊಟ್ಟವಳಲ್ಲ. ಕೊತ್ತಂಬರಿ ಹೆಚ್ಚುತ್ತಿದ್ದವಳು ತಲೆಯೆತ್ತಿದಳು. “ಹ್ವಾಯ್, ಇದ್ ನೀವ್ ದಿನಾ ಒಲಿ ಹತ್ರ ನಿಂತ್ಕಂಡ್ ಹೇಳು ಮಾತಲ್ದಾ?”

ಉಡುಪಿಯವರು ನಾಲ್ವರೂ ಅಧ್ಯಕ್ಷರತ್ತ ನೋಡಿದರು. ಅಧ್ಯಕ್ಷರು ತಟ್ಟೆಯಲ್ಲಿದ್ದ ದೋಸೆಯನ್ನು ನೋಡಿದರು. “ಎಲ್ಲರಿಗೂ ಹೊಳೆಯೋ ವಿಚಾರಾನೇ ಅಲ್ವೇನಮ್ಮಾ ಇದು,” ಎಂದು ಒಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು.

ಆಗ ವರದಿಗಾರ್ತಿಯ ದನಿ ಬಂತು: ಅಧ್ಯಕ್ಷರ ಮಾತಿಗೆ ಸಾಕ್ಷಿಯಾಗಿ ಸೂರತ್ತಿನ ಒಂದು ಅಡುಗೆಮನೆಯ ದನಿ, ಕೇಳಿ. ಕಾವಲಿಯ ಮೇಲೆ ನೀರು ಚುಂಯ್ ಎಂದಿತು. ಅದರ ಹಿಂದೆಯೇ ಇಡೀ ದೇಶಕ್ಕೆ ಕೇಳುವಂತೆ ನಾನು:

“ಚಟ್ನಿ ಹಳ್ಸಿ ಹೋಯ್ತ್ ಮಾರಾಯಾ, ಮೂಗಿಲ್ಯಾ ನಿಂಗೆ? ಚೆಲ್ ಅದ್ನ!”

ಅಷ್ಟೇ. ಹೆಸರಿಲ್ಲ, ಅಭಿಪ್ರಾಯವಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಹೇಳಿದ ಮೂರು ಉತ್ತರಗಳನ್ನೂ ಬಿಸಾಡಿ ಬೈಗುಳವನ್ನು ಇಟ್ಟುಕೊಂಡಿದ್ದಳು. ನನ್ನ ವಿಚಾರ ಅವರ ದನಿಯಲ್ಲಿ, ನನ್ನ ದನಿ ಅವರ ವಿಚಾರದ ಸಾಕ್ಷಿಗೆ.

ಮುಖ್ಯಾಂಶಗಳು ಮತ್ತೆ ಶುರುವಾದವು. ಇಡ್ಲಿ ಪಾತ್ರೆ ಇಳಿಸಿ ತಿರುಗಿ ನೋಡಿದರೆ ಅಧ್ಯಕ್ಷರ ದವಡೆ ನಿಂತುಹೋಗಿತ್ತು. ಬಾಯಿ ತುಂಬ ಚಟ್ನಿ, ಕಣ್ಣು ನನ್ನ ಮೇಲೆ. ನುಂಗುವಂತಿಲ್ಲ, ಉಡುಪಿಯವರ ಎದುರಿಗೆ ಉಗುಳುವಂತಿಲ್ಲ.

ಅದು ಹೋದ ವಾರದ ಚಟ್ನಿ, ಅದನ್ನು ಆಗಲೇ ಚೆಲ್ಲಿಸಿದ್ದೇನೆ, ಇದು ಈಗ ರುಬ್ಬಿದ್ದು ಎಂದು ಹೇಳಬಹುದಿತ್ತು. ಶುದ್ಧವಾದ ವಾರ್ತೆಯ ಕನ್ನಡದಲ್ಲೇ ಹೇಳಬಹುದಿತ್ತು.

ಇನ್ನೊಂದು ಸೌಟು ಚಟ್ನಿ ತೆಗೆದುಕೊಂಡು ಹೋಗಿ ಅವರ ತಟ್ಟೆಗೆ ಹಾಕಿದೆ.