ಮೆಟ್ಟಿಲ ಕೆಳಗಿನ ಕೋಟು

ಎರಡು ಚುನಾವಣೆ ಸೋತ ಪಕ್ಷದ ನಾಯಕರನ್ನು, "ರಾಜೀನಾಮೆ ಯಾವಾಗ?" ಎಂದು ಕೇಳಲು ನಾನು ಪತ್ರಿಕಾಗೋಷ್ಠಿಯಲ್ಲಿ ಎದ್ದ ರಭಸಕ್ಕೆ ಪ್ಯಾಂಟಿನ ಹಿಂಬದಿ ಪರ್ರನೆ ಹರಿಯಿತು. ಪ್ರಶ್ನೆಗಿಂತ ಆ ಸದ್ದೇ ಹೆಚ್ಚು ಪರಿಣಾಮ ಬೀರಿತು. ಗೋಡೆಗೆ ಬೆನ್ನು ಸವರಿಕೊಂಡೇ ಕೆಳಗಿಳಿದು, ಪಕ್ಷದ ಕಚೇರಿಯ ಮೆಟ್ಟಿಲ ಕೆಳಗಿರುವ ಟೈಲರ್ ಅಕ್ಕನ ಗೂಡಿಗೆ ನುಗ್ಗಿದೆ.

ಗಂಡ ತೀರಿಕೊಂಡಾಗ ಅಂದಿನ ನಾಯಕರೊಬ್ಬರು ಅಕ್ಕನಿಗೆ ಬಾಯಿಮಾತಿನಲ್ಲೇ ಕೊಟ್ಟ ಜಾಗವದು. ಮೂರು ಮಕ್ಕಳನ್ನು ದಡ ಸೇರಿಸಿದ್ದು ಅಲ್ಲಿನ ಹೊಲಿಗೆ ಯಂತ್ರವೇ. ಆ ಪಕ್ಷದ ಒಳಚುನಾವಣೆಯಲ್ಲಿ ಗೆದ್ದ ನಾಯಕ ಹೊಸ ಕಂದು ಕೋಟು ತೊಟ್ಟೇ ಮೊದಲ ಭಾಷಣ ಮಾಡಬೇಕು. ಅದನ್ನು ಹೊಲಿಯುವವಳು ಅಕ್ಕ. ಹೀಗಾಗಿ ಮಹಡಿಯ ಮೇಲೆ ಕುರ್ಚಿ ಅಲುಗಾಡಿದರೆ ಮೊದಲು ತಿಳಿಯುವುದು ಅವಳ ಕತ್ತರಿಗೆ.

ಅವಳು ನನ್ನ ಪ್ಯಾಂಟು ಹೊಲಿಯುತ್ತಿದ್ದಳು. ನಾನು ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಪರದೆಯ ಹಿಂದೆ ನಿಂತಿದ್ದೆ. ಅಷ್ಟರಲ್ಲಿ ಖಜಾಂಚಿ ಬಂದರು. ಮೊದಲು ಹೊಟ್ಟೆ, ಆಮೇಲೆ ಅವರು.

"ಗುಟ್ಟಾಗಿರ್ಲಿ ಅಕ್ಕ. ನಾಳೆ ನಾಯಕನ ಆಯ್ಕೆಯ ಮತ ಎಣಿಸಿದ ಕೂಡಲೇ ನನಗೆ ಕೋಟು ಬೇಕು."

ಅಕ್ಕ ಕಚ್ಚಾ ಹೊಲಿಗೆಯ ಕೋಟೊಂದನ್ನು ತೊಡಿಸಿ, ಬಗಲಿನ ನೂಲು ಬಿಚ್ಚಿ ಸಡಿಲಿಸಿದಳು.

"ಗೆದ್ರೆ ಈ ಗೂಡು ಒಡೆಸಿ ಕಾರಿಗೆ ಜಾಗ ಮಾಡಿಸ್ತೀನಿ. ನಿಮಗೆ ಬೇರೆ ಕಡೆ ನೋಡೋಣ."

ಅವರು ಹೋದದ್ದೇ ತಡ, ಕಡ್ಡಿಗೆ ಕನ್ನಡಕ ಹಾಕಿದಂತಿದ್ದ ಕಾರ್ಯದರ್ಶಿ ಒಳಬಂದರು.

"ಖಜಾಂಚಿ ಬಂದಿದ್ನಾ?"

"ಬಂದಿದ್ರು. ನೀವು ಬಂದಿದ್ರಾ ಅಂತ ಕೇಳೋಕೆ."

ಅದೇ ಕೋಟು! ಈ ಬಾರಿ ಬಗಲಿಗೆ ಸಾಲಾಗಿ ಪಿನ್ನು. ಕಾರ್ಯದರ್ಶಿಯ ಕಣ್ಣು ಗೂಡನ್ನೆಲ್ಲ ಅಳೆಯಿತು. "ಇಲ್ಲಿ ಜೆರಾಕ್ಸ್ ಮೆಷಿನ್ ಚೆನ್ನಾಗಿ ಕೂರುತ್ತೆ, ಅಲ್ವಾ?"

ಕೊನೆಗೆ ಬಂದವರನ್ನು ಕಂಡು ನನ್ನ ಬೆಡ್‌ಶೀಟ್ ಜಾರುವುದೊಂದು ಬಾಕಿ. ಸಾಕ್ಷಾತ್ ಹಾಲಿ ನಾಯಕರು!

"ಹಳೇದು ಬಿಗಿ ಆಗಿದೆ ನೋಡಮ್ಮ. ಎಲ್ಲಾದ್ರೂ ಉಳ್ಕೊಂಡ್ರೆ ಹೊಸದಿರ್ಲಿ."

"ಈ ಜಾಗದ ವಿಷಯ, ಸ್ವಾಮಿ?"

"ನನ್ನ ಜಾಗಕ್ಕೇ ಗತಿಯಿಲ್ಲ, ನಿಂದು ಆಮೇಲೆ."

ಅವರಿಗೂ ಅದೇ ಕೋಟು.

ಪ್ಯಾಂಟು ಕೈಗೆ ಬಂದರೂ ನನಗೆ ಹೊರಡುವ ಮನಸ್ಸಾಗಲಿಲ್ಲ, ಕುತೂಹಲ ಕೆಟ್ಟದ್ದು. "ಅಕ್ಕ, ಕೋಟು ಒಂದು, ತೊಡೋರು ಮೂರು. ಯಾರು ಗೆದ್ರೂ ನಿಮ್ಮ ಗೂಡಿಗೆ ಸಂಚಕಾರ. ನಾಳೆ ಏನ್ಮಾಡ್ತೀರಿ?"

ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು:

"ತೋಳು ಇನ್ನೂ ಹಚ್ಚಿಲ್ಲ. ಗೆದ್ದೋರು ಜಾಗ ನಂದು ಅಂತ ಬರೆದು ಸಹಿ ಹಾಕಿದ್ರೆ, ಎರಡೂ ಹಚ್ತೀನಿ."