ಟೀಚರಿಗೆ ಕೇಳದ ಪೋತಕ್ಕಿಳಿ

2022ರಲ್ಲಿ ನಾನು ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸುವುದು ನನ್ನ ಕೆಲಸ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಜುಲೈ ತಿಂಗಳ ಒಂದು ಶುಕ್ರವಾರ ನನಗಿಂತಲೂ ಹೆಚ್ಚು ಚಡಪಡಿಸುವವರೊಬ್ಬರು ಬಂದರು.

ಅವರು ಬೆಳ್ಳೂರಿನ ವಾರಿಜ ಟೀಚರ್, ನಿವೃತ್ತ ಜೀವಶಾಸ್ತ್ರ ಅಧ್ಯಾಪಿಕೆ. ಜೊತೆಗೆ ಕರೆತಂದಿದ್ದ ಗಂಡನ ಹಿಯರಿಂಗ್ ಏಡ್ ಸಿಳ್ಳೆ ಹಾಕುತ್ತದೆಂದು ಸೊಸೆಯ ದೂರು. ಅದು ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಹಾಗಾಗುತ್ತದೆ. ನಾವು ಫೀಡ್‌ಬ್ಯಾಕ್ ಎನ್ನುತ್ತೇವೆ.

"ಎಂತ ಸಿಳ್ಳೆಯೂ ಇಲ್ಲ ಡಾಕ್ಟ್ರೇ. ಬೇಗ ನೋಡಿ ಬಿಡಿ, ನನಗೆ ಸೋಮವಾರ ರಿಪೋರ್ಟ್ ಕೊಡ್ಲಿಕ್ಕುಂಟು," ಎಂದರು ಟೀಚರ್.

ರಿಪೋರ್ಟ್, ಅರಣ್ಯ ಇಲಾಖೆಗಾಗಿ ಟೀಚರ್ ಗಮನಿಸುತ್ತಿದ್ದ ಒಂದು ಹಕ್ಕಿಯದು. ಕರ್ನಾಟಕದ ಗಡಿಗೆ ತಾಗಿದ ಹುಲ್ಲುಬೆಟ್ಟದಲ್ಲಿ ಅಗಲ ಬಾಲದ ಪುಟ್ಟ ಕಂದು ಹಕ್ಕಿಯೊಂದಿದೆ, ಮಲಯಾಳದಲ್ಲಿ ಪೋತಕ್ಕಿಳಿ. ಮಳೆಗಾಲದಲ್ಲಿ ಹುಲ್ಲಿನೊಳಗೆ ಗೂಡು ಕಟ್ಟುತ್ತದೆ. ಅವಿತೇ ಇರುವ ಅದನ್ನು ಪತ್ತೆ ಹಚ್ಚುವುದು ಅದರ ತೆಳ್ಳನೆಯ ಕೀರಲು ಹಾಡಿನಿಂದ. ಅದರ ಸಲುವಾಗಿಯೇ ಆ ತಿಂಗಳುಗಳಲ್ಲಿ ಪ್ರವಾಸಿಗಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಹಕ್ಕಿ ಇಲ್ಲವೆಂದರೆ ತಡೆಯೂ ಇಲ್ಲ.

"ಎರಡು ಮಳೆಗಾಲ ಆಯ್ತು, ಒಂದು ಸ್ವರ ಇಲ್ಲ. ಇಲ್ಲ ಅಂತಲೇ ಬರೀಬೇಕಷ್ಟೆ," ಎಂದರು.

ಅಷ್ಟರಲ್ಲಿ ಗಂಡನ ಕಿವಿಯಿಂದ ಕುಂಯ್ಯೆಂದು ಸಿಳ್ಳೆ ಹೊರಟಿತು. ಬಾಗಿಲಾಚೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಟೀಚರ್ ಮಾತ್ರ ಹಕ್ಕಿಯ ಮಾತನ್ನೇ ಮುಂದುವರಿಸಿದ್ದರು.

ಆ ಸಿಳ್ಳೆ ಅವರಿಗೆ ಕೇಳಿಯೇ ಇರಲಿಲ್ಲ. ಗಂಡನ ಜೊತೆ ಬಂದವರಿಗೆ ನಿಮ್ಮ ಕಿವಿ ತೋರಿಸಿ ಎನ್ನುವುದು ಹೇಗೆ? ಆದರೆ ಸೋಮವಾರ ತಲೆಯ ಮೇಲಿತ್ತು. "ಬಂದದ್ದು ಬಂದಿದ್ದೀರಿ ಟೀಚರ್, ನಿಮ್ಮದೂ ಒಮ್ಮೆ ನೋಡುವಾ," ಎಂದೆ.

ಗೊಣಗುತ್ತಲೇ ಕೂತರು. ಮಾತು ಕೇಳುವ ಮಟ್ಟಿಗೆ ಕಿವಿ ಚೆನ್ನಾಗಿಯೇ ಇತ್ತು; ಹಾಗಾಗಿ ಮನೆಯಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. 4000 ಹರ್ಟ್ಸ್ ದಾಟಿದ ಮೇಲೆ, ಅಂದರೆ ಕೀರಲು ಸ್ವರಗಳಲ್ಲಿ, ಗ್ರಾಫ್ ಪಾತಾಳಕ್ಕಿಳಿಯಿತು. ವಿಷಯ ಹೇಳಿ, ಸಮಾಧಾನದ ಮಾತಿಗೆ ನಾನು ತಡಕಾಡುತ್ತಿದ್ದರೆ ಅವರು ಎದ್ದೇ ನಿಂತರು.

"ಹಾಗಾದ್ರೆ ಹಕ್ಕಿ ಉಂಟಾ?"

"ಅದನ್ನು ಈ ಮೆಷಿನ್ ಹೇಳುವುದಿಲ್ಲ ಟೀಚರ್."

"ನಿಮ್ಮ ಕಿವಿ ಸರಿ ಉಂಟಲ್ಲ? ಆದಿತ್ಯವಾರ ಬನ್ನಿ."

ಹೋದೆ. ಜಿಗಣೆಗೆ ರಕ್ತ ಕೊಟ್ಟು ಮಂಜಿನಲ್ಲಿ ನಿಂತದ್ದೇ ಬಂತು. ಕೊನೆಗೆ ನನ್ನ ಕಿವಿಯ ಮೇಲೂ ನನಗೆ ಗುಮಾನಿ ಹುಟ್ಟಿತು. ಮಧ್ಯಾಹ್ನ ಮಂಜು ಸರಿದಾಗ ಎಡಗಡೆಯ ಇಳಿಜಾರಿನಿಂದ ಸಣ್ಣ ಕೀರಲು ಸ್ವರ ಬಂತು. ಕೈ ತೋರಿಸಿದೆ. ಟೀಚರ್ ಬೈನಾಕ್ಯುಲರ್ ಎತ್ತಿದರು.

"ಅದೇ ಮಾರಾಯ್ತಿ! ಕೊಕ್ಕು ತೆರೆದುಂಟು, ಹಾಡ್ತಾ ಉಂಟು! ಇಲ್ಲ ಅಂತ ಬರೆದು ಕೊಡ್ತಿದ್ದೆನಲ್ಲ ನಾನು!" ಅಳುವೂ ನಗುವೂ ಒಟ್ಟಿಗೇ ಬಂದಿತ್ತು. ಆಮೇಲೆ ಮೆಲ್ಲಗೆ ಕೇಳಿದರು: "ಹೇಗೆ ಹಾಡ್ತದೆ, ಹೇಳು."

ವರ್ಷಗಟ್ಟಲೆ ಸ್ವರ ಅಳೆದವಳು ನಾನು. ನನಗೆ ಹೇಳಲು ಬರಲಿಲ್ಲ.

ಸೋಮವಾರದ ರಿಪೋರ್ಟಿನಲ್ಲಿ ಹಕ್ಕಿ ಇತ್ತು. ಅಂದಿನಿಂದ ನಾನು ಯಾರಿಗೇ ಆಗಲಿ ಡೆಸಿಬೆಲ್ ಲೆಕ್ಕ ಹೇಳುವ ಮೊದಲು, ನಿಮಗೆ ಯಾವ ಸದ್ದು ಕೇಳಬೇಕಿತ್ತು ಎಂದು ಕೇಳುತ್ತೇನೆ.